ಬಟವಾಡಿ ಎಲ್ಲಿ

ಕ್ವಿಂಟಲ್ ತೂಕದ ಮೆಕ್ಕೆಜೋಳದ ಚೀಲ ಬೆನ್ನಿಗೆ ಬಿದ್ದರೂ ಗಾಳೆಪ್ಪನ ಕಾಲು ನಡುಗುತ್ತಿರಲಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದರೆ ಮಾತ್ರ ಕೈ ನಡುಗಿ ಅರ್ಧ ಚಹಾ ನೆಲಕ್ಕೆ ಹೋಗುತ್ತಿತ್ತು. ಕೊಟ್ಟೂರಿನ ದಲಾಲಿ ಅಂಗಡಿಗಳಲ್ಲಿ ಹದಿನಾರು ವರ್ಷ ಹಮಾಲಿ ಮಾಡಿ ಹೆಗಲು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಲಿವರ್ ಬಾತಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಭಂಡಾರ ಮುಟ್ಟಿ ಮನೆದೇವರ ಮುಂದೆ ಮೂರು ಸಲ ಆಣೆ ಮಾಡಿದ್ದ. ಮೂರೂ ಮುರಿದಿದ್ದವು. ನಾಲ್ಕನೆಯದಕ್ಕೆ ಹೊರಟಾಗ ಹೆಂಡತಿ ಕೊಟ್ರಬಸಮ್ಮ, “ಸಾಕು ಬಿಡು, ದೇವ್ರಿಗೂ ನಾಚಿಕಿ ಐತಿ” ಅಂದಳು. ಕುಡಿತ ಬಿಟ್ಟವರೆಲ್ಲ ಭಾನುವಾರ ಕೂಡ್ಲಿಗಿಯ ಶಾಲೆಯೊಂದರಲ್ಲಿ ಸೇರುತ್ತಾರೆಂದು ಓಣಿಯ ಆಶಾ ಕಾರ್ಯಕರ್ತೆ ಅಂಜಿನಕ್ಕ ತಿಳಿಸಿದ್ದು ಆಗಲೇ.

ಕೂಡ್ಲಿಗಿಯಲ್ಲಿ ಇಳಿದು ಗಾಳೆಪ್ಪ ಅರ್ಧ ತಾಸು ಅಲೆದ. ಕೊನೆಗೆ ಚಹಾದಂಗಡಿಯವನನ್ನು ಕೇಳಿದ: “ಕುಡುಕರ ಸಭಿ ಎಲ್ಲಿ ನಡಿತೈತ್ರಿ?”

ಅವನು ಎದುರಿನ ಬಾರಿನತ್ತ ಸೌಟು ತೋರಿಸಿದ. “ಅಕಾ ಅಲ್ಲಿ. ದಿನಾ ನಡಿತೈತಿ.”

ಕಡೆಗೂ ಶಾಲೆ ಸಿಕ್ಕಿತು. ಮೂರನೇ ತರಗತಿಯ ಬೆಂಚುಗಳಲ್ಲಿ ಎಂಟು ಗಂಡಸರು ಮೊಣಕಾಲು ಮಡಚಿ ಕುಳಿತಿದ್ದರು. ಸಭೆ ನಡೆಸುವ ಓಬಳೇಶಪ್ಪ ಮೇಷ್ಟ್ರೂ ಒಂದು ಕಾಲಕ್ಕೆ ಕುಡಿದವರೇ. ಬೋರ್ಡಿನ ಮೇಲೆ ಅವರದೇ ದುಂಡನೆಯ ಅಕ್ಷರ: ‘ಮನಸ್ಸು ಗಟ್ಟಿ ಇದ್ದರೆ ಕುಡಿತ ಬಿಡಬಹುದು.’ ಒಬ್ಬೊಬ್ಬರೇ ಎದ್ದು ಕುಡಿಯದೆ ಎಷ್ಟು ದಿನವಾಯಿತು ಎಂದು ಹೇಳಬೇಕು. ಗಾಳೆಪ್ಪ ಎದ್ದು “ಒಂದು” ಅಂದ. ಯಾರೂ ನಗಲಿಲ್ಲ. ಅದೇ ಅವನಿಗೆ ದೊಡ್ಡದಾಯಿತು.

“ಅಂಗಡಿ ಇರೋ ಓಣಿನೂ ತುಳೀಬ್ಯಾಡ” ಅಂದರು ಮೇಷ್ಟ್ರು. “ಕಾಲಿಗೆ ಬುದ್ಧಿ ಇರಂಗಿಲ್ಲ.”

ಗಾಳೆಪ್ಪ ತಲೆ ಆಡಿಸಿದ. ಶನಿವಾರದ ಮಾತು ಎತ್ತಲಿಲ್ಲ.

ಹಮಾಲರು ಚೀಲಕ್ಕೊಂದು ಕಾಳು ಎತ್ತಿಟ್ಟು ಲೆಕ್ಕ ಹಿಡಿಯುತ್ತಾರೆ. ಗಾಳೆಪ್ಪ ಕುಡಿಯದ ದಿನಕ್ಕೊಂದು ಜೋಳದ ಕಾಳನ್ನು ಎಲೆಯಡಿಕೆಯ ಚಂಚಿಗೆ ಹಾಕತೊಡಗಿದ. ಸಂಜೆ ಕೊಟ್ರಬಸಮ್ಮ ಚಂಚಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು.

ಆದರೆ ಪ್ರತಿ ಶನಿವಾರ ವಾರದ ಕೂಲಿಯ ಬಟವಾಡಿ ಆಗುವುದು ವೈನ್ ಶಾಪಿನಲ್ಲಿ. ಹಮಾಲರ ಮೇಸ್ತ್ರಿ ಪಾಲಾಕ್ಷ ತನ್ನ ಭಾಮೈದನ ಅಂಗಡಿಯ ಹಿಂದಿನ ಖೋಲಿಯಲ್ಲಿ ಕುಳಿತು ಕೂಲಿ ಹಂಚುತ್ತಿದ್ದ. ಕೂಲಿಯ ಜೊತೆ ಒಂದು ವಿಸ್ಕಿ ಪಾಕೀಟು. ಪಾಕೀಟಿನ ದುಡ್ಡು ಕೂಲಿಯಲ್ಲೇ ಮುರಿದುಕೊಂಡಿರುತ್ತಿದ್ದ. ಅಲ್ಲೇ ಒಡೆದು ಕುಡಿಯುವುದು ವಾಡಿಕೆ.

ಮೊದಲ ಶನಿವಾರ ಗಾಳೆಪ್ಪ ರಸ್ತೆಯಾಚೆ ನಿಂತು ಕೂಲಿ ಹೊರಗೆ ಕಳಿಸಲು ಹೇಳಿ ಕಳಿಸಿದ. ಬರಲಿಲ್ಲ. ಎರಡನೆಯ ಶನಿವಾರ ಕೊಟ್ರಬಸಮ್ಮ ಸೆರಗು ಬಿಗಿದು ತಾನೇ ಒಳಗೆ ಹೋದಳು. ಕುಡಿಯುತ್ತಿದ್ದವರು ಪಾಕೀಟು ಬೆನ್ನ ಹಿಂದೆ ಮರೆಮಾಡಿದರು. ಪಾಲಾಕ್ಷ ಮಾತ್ರ ಮೆತ್ತಗೆ ಮಾತಾಡಿದ.

“ದುಡಿದೋನ ಕೈಯಾಗ ಕೊಡದು ನಮ್ ಪದ್ಧತಿ, ತಂಗಿ. ನಾಳಿ ಅವ ಬಂದು ನಂಗ ಮುಟ್ಟಿಲ್ಲ ಅಂದ್ರ?”

ಮೂರನೆಯ ವಾರ ಕಿರಾಣಿ ಅಂಗಡಿಯವನು ಉದ್ರಿ ನಿಲ್ಲಿಸಿದ. ಹಿಟ್ಟಿನ ಡಬ್ಬಿ ಬಡಿದರೆ ಬರೀ ತಗಡಿನ ಸದ್ದು. ಮಗಳು ಭೂಮಿಕಾ ಎರಡು ದಿನ ಶಾಲೆಯ ಬಿಸಿಯೂಟದಲ್ಲೇ ಕಳೆದಳು. ಶನಿವಾರ ಗಾಳೆಪ್ಪ ಅಂಗಡಿಯ ಮೆಟ್ಟಿಲು ಹತ್ತಿದ.

ಅವನ ಮೂರು ವಾರದ ಕೂಲಿ ಟೇಬಲ್ಲಿನ ಮೇಲಿತ್ತು. ಫ್ಯಾನಿನ ಗಾಳಿಗೆ ನೋಟು ಹಾರದ ಹಾಗೆ ಮೇಲೊಂದು ಪಾಕೀಟು.

“ಎತ್ತಲೇ ಗಾಳ್ಯಾ” ಅಂದ ಪಾಲಾಕ್ಷ. “ಪಾಕೀಟು ಎತ್ತದಂಗ ನೋಟು ಹೆಂಗ ತಗಂತಿ?”

ಗಾಳೆಪ್ಪ ಎತ್ತಿದ.

ಮರುದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಕೊಟ್ರಬಸಮ್ಮ ಬೈಯಲಿಲ್ಲ. ಚಂಚಿಯಲ್ಲಿದ್ದ ಇಪ್ಪತ್ತು ಕಾಳು ಕೋಳಿಗೆ ಚೆಲ್ಲಿ, ಹೊಸದೊಂದು ಹಾಕಿ ಅವನ ಕೈಗಿಟ್ಟಳು. “ಬಸ್ಸಿಗೆ ಹೊತ್ತಾತು.”

ಸಭೆಯಲ್ಲಿ ಅವನು ಎದ್ದು ಮತ್ತೆ “ಒಂದು” ಅಂದ. ಮೇಷ್ಟ್ರು ಯಾಕೆ ಕುಡಿದೆ ಎಂದು ಕೇಳಿದರು. ಹಾಗೆ ಕೇಳಿದಾಗ ‘ತಪ್ಪು ನಂದು’ ಅನ್ನುವುದು ಅಲ್ಲಿನ ರೂಢಿ.

“ಬಟವಾಡಿ ಇಸ್ಕಳಾಕ ಹೋಗಿದ್ದೆ ಸರ್” ಅಂದ ಗಾಳೆಪ್ಪ.

ಎಲ್ಲಿಗೆ ಎಂದು ಕೇಳಿದ್ದಕ್ಕೆ ಅಂಗಡಿಯ ಹೆಸರು ಹೇಳಿದ. ಹೊಸಹಳ್ಳಿ ಕಡೆಯ ಇಟ್ಟಿಗೆ ಭಟ್ಟಿಯ ಜಂಬಯ್ಯ ಕುಳಿತಲ್ಲಿಂದಲೇ, “ನಮ್ದೂ ಬಾರ್‌ನಾಗಾ ರೀ. ಮಾಲಕಂದಾ ಬಾರು” ಅಂದ. ಹಡಗಲಿಯ ಹೂವಿನ ತೋಟದಲ್ಲಿ ನೀರು ಹಾಯಿಸುವವನು, ತಮ್ಮದು ಅಂಗಡಿಯ ಕಟ್ಟೆಯ ಮೇಲೆ ಅಂದ. ಬೇರೆ ಕಡೆ ಬಟವಾಡಿ ಆಗುವವರು ಕೈ ಎತ್ತಿರಿ ಎಂದರು ಮೇಷ್ಟ್ರು. ಒಂದು ಕೈಯೂ ಏಳಲಿಲ್ಲ.

ಮೇಷ್ಟ್ರು ಡಸ್ಟರ್ ಹಿಡಿದು ಬೋರ್ಡಿನ ಕಡೆ ತಿರುಗಿದರು. ‘ಮನಸ್ಸು ಗಟ್ಟಿ’ ಅನ್ನುವಷ್ಟನ್ನು ಒರೆಸಿದರು. ಸೀಮೆಸುಣ್ಣ ಎತ್ತಿಕೊಂಡು ಆ ಖಾಲಿ ಜಾಗದ ಮುಂದೆ ಹಿಡಿದು, ಮತ್ತೆ ಕೆಳಗಿಟ್ಟರು.

ಬಸ್ ಸ್ಟ್ಯಾಂಡಿನ ತನಕ ಜಂಬಯ್ಯ ಜೊತೆಗೆ ಬಂದ.

“ಬರೋ ಶನಿವಾರ ನಾ ಬರ್ತೀನಿ ನಿನ್ ಕೂಡ. ಇಬ್ರೂ ಹೊರಗಾ ನಿಂತು ಕೇಳನು. ಏನ್ ಮಾಡ್ತಾನ ನೋಡನು.”

“ನಿಂದೂ ಬಟವಾಡಿ ಶನಿವಾರಾ ಅಲ್ಲೇನಪಾ?” ಅಂದ ಗಾಳೆಪ್ಪ.

ಜಂಬಯ್ಯ ತಲೆ ತಗ್ಗಿಸಿ ಚಪ್ಪಲಿಯಿಂದ ನೆಲ ಕೆರೆದ. ಕೊಟ್ಟೂರಿನ ಬಸ್ಸು ಬಂತು. ಗಾಳೆಪ್ಪ ಹತ್ತಿ ಕುಳಿತು ಚಂಚಿಯನ್ನು ಕಿವಿಗೆ ಹಿಡಿದ. ಒಂದೇ ಕಾಳು, ಸದ್ದು ಬರಲಿಲ್ಲ. ಶನಿವಾರಕ್ಕೆ ಇನ್ನು ಆರು ದಿನ ಇತ್ತು.