ಹೊಳೆಗೆ ಸಂದ ಸಾಕ್ಷಿ

ನಾನು ಒಂದು ಸುಳ್ಳು ಮೀನು. ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗೆ ಕಿತ್ತಳೆ ಬಣ್ಣದ ರಬ್ಬರ್ ಚರ್ಮ ಹೊದಿಸಿ ನನ್ನನ್ನು ಮಾಡಿದವರು ಮೀನುಗಳ ಬಗ್ಗೆ ಸಂಶೋಧನೆ ಮಾಡುವ ವಸುಮತಿ ಮೇಡಂ. ನನ್ನ ಹೊಟ್ಟೆಯಲ್ಲಿ ಕರುಳಿಲ್ಲ, ಚಿಪ್ ಇದೆ. ಮೈಮೇಲೆ ಬಿದ್ದ ಪೆಟ್ಟನ್ನೆಲ್ಲ ಅದು ಬರೆದಿಟ್ಟುಕೊಳ್ಳುತ್ತದೆ. ಹುಟ್ಟಿದ್ದೇ ಪೆಟ್ಟು ತಿನ್ನಲಿಕ್ಕೆ, ಏನು ಮಾಡೋಣ.

ಮಳೆಗಾಲ ಮುಗಿಯುತ್ತಿದ್ದಂತೆ ಮೇಲಿನ ತೊರೆಗಳಿಂದ ಮಹಶೀರ್ ಮೀನಿನ ಮರಿಗಳು ಕೆಳಗಿಳಿಯುತ್ತವೆ. ದಾರಿಗೆ ಅಡ್ಡ ಅಣೆಕಟ್ಟು. ಪಕ್ಕದ ಸಣ್ಣ ಗೇಟು ತೆರೆದರೆ ಬದುಕುತ್ತವೆ, ಇಲ್ಲದಿದ್ದರೆ ಕರೆಂಟು ತಯಾರಿಸುವ ಟರ್ಬೈನೇ ಗತಿ.

"ಒಳಗೆ ಮರಿಗೆ ಏನಾಗ್ತದೆ ಅಂತ ಸೋಮವಾರದೊಳಗೆ ತೋರಿಸಿ, ಗೇಟು ತೆಗೆಸ್ತೇನೆ. ಬರೀ ಬಾಯಿಮಾತಿಗೆ ನೀರು ಬಿಡೋಕಾಗಲ್ಲ," ಎಂದರು ಅಣೆಕಟ್ಟಿನ ಎಂಜಿನಿಯರ್ ಸಾಹೇಬರು. ತೋರಿಸಲು ಮೇಡಂ ಬಳಿ ಇದ್ದದ್ದು ನಾನೊಬ್ಬನೇ.

ಭಾನುವಾರ ಬೆಳಿಗ್ಗೆ ನನ್ನನ್ನು ಟರ್ಬೈನಿನ ಒಳಗೆ ಬಿಟ್ಟರು. ಮೊದಲು ಕತ್ತಲು. ಆಮೇಲೆ ನೀರು ಹಿಂಡಿತು, ಹಿಂಡಿದ್ದನ್ನು ಥಟ್ಟನೆ ಬಿಟ್ಟಿತು. ಪಕ್ಕದಲ್ಲಿದ್ದ ಮರಿಯ ಹೊಟ್ಟೆ ಉಬ್ಬಿತು, ಕಣ್ಣು ಹೊರಬಂತು. ಆಗಲೂ ಅದು ಈಜುತ್ತಲೇ ಇತ್ತು. ನನಗೆ ಭಯವಾಯಿತು.

ಕೆಳಗೆ ನನ್ನನ್ನು ಹಿಡಿಯಲು ಬಲೆಯೊಡ್ಡಿ ನಿಂತಿದ್ದವನು ಹೊನ್ನಪ್ಪ ಅಂಬಿಗ. ಅವನ ಮನೆತನದಲ್ಲಿ ಬಲೆಗೆ ಮೊದಲು ಬಿದ್ದದ್ದು ಹೊಳೆಗೇ ಸೇರಬೇಕು. ಕಣ್ಣು ಮುಚ್ಚಿ ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು, ನೋಡಿದರೆ ಆಸೆ ಹುಟ್ಟುತ್ತದಂತೆ. ಆ ದಿನ ಮೊದಲು ಬಿದ್ದದ್ದು ನಾನು.

"ನಮ್ಮದು ಬಂತಾ ಹೊನ್ನಪ್ಪ?" ಮೇಡಂ ದಡದಿಂದ ಕೇಳಿದರು.

ಅವನು ಖಾಲಿ ಕೈ ನೋಡಿಕೊಂಡ. "ಮೊದ್ಲು ಸಿಕ್ಕಿದ್ದು ಕೈಗೆ ರಬ್ಬರಿನ ಹಾಗಿತ್ತು ಮೇಡಂ. ಎಸೆದಾದ್ಮೇಲೆ ಗೊತ್ತಾಯ್ತು."

ಸಂಜೆಯವರೆಗೂ ಮುಳುಗಿ ಮುಳುಗಿ ಹುಡುಕಿದ, ಪಾಪ. ಮೂಗಿನಲ್ಲಿ ರಕ್ತ ಬಂದರೂ ಬಿಡಲಿಲ್ಲ. ಒಮ್ಮೆ ಅವನ ಬೆರಳು ನನ್ನಿಂದ ಗೇಣು ದೂರದಲ್ಲೇ ಹಾದುಹೋಯಿತು. ಕೂಗಲು ನನಗೆ ಬಾಯಿಲ್ಲ. ಸೋಮವಾರ ಕಳೆಯಿತು, ಗೇಟು ತೆರೆಯಲಿಲ್ಲ.

ಈಗ ನಾನು ಎರಡು ಬಂಡೆಗಳ ಸಂದಿಯಲ್ಲಿದ್ದೇನೆ. ಬಣ್ಣ ಮಾಸಿದೆ, ಬೆನ್ನಿನ ಮೇಲೆ ಪಾಚಿ ಬೆಳೆದಿದೆ. ಈ ವರ್ಷವೂ ಮರಿಗಳು ಬಂದವು. ಹೆಚ್ಚಿನವು ಹೊಟ್ಟೆ ಮೇಲಾಗಿ ತೇಲಿಹೋದವು. ಬಲಗಣ್ಣು ಹೋದ ಒಂದು ಮರಿ ಮಾತ್ರ ನನ್ನ ಪಕ್ಕಕ್ಕೆ ಬಂದು ನಿಂತಿತು. ನನ್ನನ್ನು ಬದುಕಿ ಉಳಿದ ಹಿರಿಯನೆಂದು ತಿಳಿಯಿತೋ ಏನೋ. ನೀರಿನ ಸೆಳೆತಕ್ಕೆ ನನ್ನ ತಲೆ ತಿರುಗಿದರೆ ಅದೂ ತಿರುಗುತ್ತದೆ. ನಾಲ್ಕು ದಿನವಾಯಿತು, ಏನೂ ತಿಂದಿಲ್ಲ. ನಾನು ಹೊರಡಲಿ ಎಂದು ಕಾಯುತ್ತಿದೆ.