ಹಸಿರು ಕಚೇರಿಗೆ ನೆಲ ನೋಡಿದ್ದು

ಕಟ್ಟಡ ಕಟ್ಟುವ ಮೊದಲು ಮಣ್ಣು ಪರೀಕ್ಷಿಸುವ ಆಕೆಯನ್ನು ಕಚೇರಿಯವರೆಲ್ಲ ಮಣ್ಣಮ್ಮ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಕಂಡಕಂಡ ನೆಲಕ್ಕೆ ಕೊಳವೆ ಇಳಿಸಿದವಳು. ಆ ಹೆಸರಿನಿಂದ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಬೇಸರ ಶುರುವಾದದ್ದು ಕಂಪನಿಯ ಯಜಮಾನರಿಗೆ ಪರಿಸರದ ಜ್ಞಾನೋದಯವಾದ ಮೇಲೆ.

ಭೂಮಿಯನ್ನು ಉಳಿಸುವುದು ಹೇಗೆಂದು ತಿಳಿಯಲು ಯಜಮಾನರು ಎರಡು ವಿಮಾನ ಬದಲಿಸಿ ದೂರದ ಸಮ್ಮೇಳನವೊಂದಕ್ಕೆ ಹೋಗಿಬಂದಿದ್ದರು. ಬಂದವರೇ ಕಂಪನಿಗೆ ಆರು ಮಹಡಿಯ ಹಸಿರು ಕಚೇರಿ ಬೇಕೆಂದರು. ಅದಕ್ಕೆ ಪರಿಸರಸ್ನೇಹಿ ಕಟ್ಟಡವೆಂಬ ಪ್ರಮಾಣಪತ್ರ ಬರಬೇಕು, ಅದಕ್ಕಾಗಿ ಕೊಡುವ ಅಂಕಗಳಲ್ಲಿ ಒಂದೂ ಕೈತಪ್ಪಬಾರದು. ನೋಡಿದ್ದು ಎರಡು ಜಾಗ. ಒಂದು, ಊರಾಚೆಯ ಜೌಗು: ಆಳೆತ್ತರದ ಜೊಂಡು, ತುಂಬ ಹಕ್ಕಿ. ಇನ್ನೊಂದು, ಊರ ನಡುವೆ ಮುಚ್ಚಿಹೋದ ಹಳೆಯ ಬಸ್ ಡಿಪೋ: ತುಕ್ಕು ಹಿಡಿದ ತಗಡು, ಬಿರುಕು ಬಿಟ್ಟ ಕಾಂಕ್ರೀಟು.

ಮೀಟಿಂಗಿನಲ್ಲಿ ಪ್ರತಿಯೊಬ್ಬರ ಮುಂದೆಯೂ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿತ್ತು. ಗೋಡೆಯ ಮೇಲೆ, ಬಾಲ್ಕನಿಗಳಲ್ಲೂ ಮರ ಬೆಳೆದ ಕಟ್ಟಡದ ಚಿತ್ರವಿತ್ತು.

"ಜೌಗೇ ಸರಿ," ಎಂದರು ಯಜಮಾನರು. "ಹಸಿರು ಕಟ್ಟಡ ಅಂದ್ಮೇಲೆ ಹಸಿರು ಇರೋ ಕಡೆ ತಾನೇ ಕಟ್ಬೇಕು? ಕಿಟಕಿ ತೆಗೆದ್ರೆ ಹಕ್ಕಿ ಕಾಣ್ಬೇಕು."

"ಕಟ್ಟೋಕೆ ಶುರು ಮಾಡಿದ ದಿನಾನೇ ಹಕ್ಕಿ ಎದ್ದು ಹೋಗ್ತವೆ ಸರ್," ಎಂದಳು ಮಣ್ಣಮ್ಮ.

"ಹೋಗಲ್ಲ ಮೇಡಂ," ಎಂದು ಕಟ್ಟಡದ ನಕ್ಷೆ ಬರೆದ ಆರ್ಕಿಟೆಕ್ಟ್ ಮುಗುಳ್ನಕ್ಕ. "ಗೋಡೆಗೆ ನಲವತ್ತು ಗೂಡು ಕೊಟ್ಟಿದ್ದೀನಿ. ನಕ್ಷೇಲಿದೆ."

"ನಕ್ಷೆಯನ್ನ ಹಕ್ಕಿಗಳಿಗೆ ತೋರಿಸಿದ್ರಾ?"

ಮಣ್ಣಮ್ಮ ಜೌಗಿನ ಮಣ್ಣಿನ ವರದಿ ಓದಿದಳು. ಅಲ್ಲಿ ಒಂಬತ್ತು ಮೀಟರ್ ಆಳದವರೆಗೂ ಬರೀ ಮೆತ್ತನೆಯ ಕೆಸರು. ಮಳೆ ನೀರನ್ನೆಲ್ಲ ಹೀರಿ ಹಿಡಿದುಕೊಳ್ಳುವುದು ಆ ಜೌಗು. ಅದನ್ನು ಮುಚ್ಚಿದರೆ ನೀರು ತಗ್ಗಿನ ಮನೆಗಳಿಗೇ ನುಗ್ಗುತ್ತದೆ. ಯಜಮಾನರು ತಾಳ್ಮೆಯಿಂದ ಕೇಳಿ, "ವರದಿ ಚೆನ್ನಾಗಿದೆ. ಜೌಗು ಅನ್ನೋ ಪದ ಮಾತ್ರ ತೆಗೀರಿ. ನೀರಿನ ಸೌಲಭ್ಯವಿರುವ ನೆಲ ಅಂತ ಬರೀರಿ," ಎಂದರು.

ಮನೆಗೆ ಬಂದವಳೇ ಚೀಲವನ್ನು ಕುರ್ಚಿಗೆ ಎಸೆದು, ಡಿಪೋ ಬಿಟ್ಟು ಜೌಗನ್ನೇ ಆರಿಸಿದ್ದಾರೆಂದು ಗೊಣಗಿದಳು. ಬಟ್ಟೆ ಮಡಚುತ್ತಿದ್ದ ಮಾವ ತಲೆಯೆತ್ತಿದರು. ಇಪ್ಪತ್ತೆಂಟು ವರ್ಷ ಅದೇ ಡಿಪೋದಿಂದ ಬಸ್ ಓಡಿಸಿ ನಿವೃತ್ತರಾದವರು.

"ಆ ಡಿಪೋದಲ್ಲಿ ಹುಲ್ಲು ಕೂಡ ಹುಟ್ಟಲ್ಲ ಕಣಮ್ಮ," ಎಂದರು. "ಅಷ್ಟು ಡೀಸೆಲ್ ಚೆಲ್ಲಿದ್ದೀವಿ."

"ಅದಕ್ಕೇ ಮಾವ, ಅದೇ ಬೇಕು ಅಂತಿರೋದು. ಹಾಳಾಗಿರೋ ನೆಲಾನ ಶುದ್ಧ ಮಾಡಿ ಕಟ್ಟಿದ್ರೆ, ಚೆನ್ನಾಗಿರೋದನ್ನ ಹಾಳು ಮಾಡೋದು ತಪ್ಪುತ್ತೆ. ನೀರು, ಕರೆಂಟು, ಬಸ್ಸು ಎಲ್ಲಾ ಬಾಗಿಲಲ್ಲೇ ಇದೆ. ಯಾರ ತಲೆಗೆ ಹೋಗುತ್ತೆ?"

"ತಲೆಗೆ ಹೋಗ್ದಿದ್ರೆ ಕಾಲಿಗೆ ಹೇಳು. ಅವ್ರನ್ನ ಒಂದ್ಸಲ ಆ ಜೌಗಿಗೆ ಬಸ್ಸಲ್ಲಿ ಕರ್ಕೊಂಡು ಹೋಗು."

ಮಣ್ಣಮ್ಮ ಪ್ರಮಾಣಪತ್ರದ ನಿಯಮಗಳ ದಪ್ಪ ಪುಸ್ತಕವನ್ನು ಮತ್ತೆ ತಿರುವಿದಳು. ನೌಕರರು ಬಸ್ಸಿನಲ್ಲಿ ಬರಬೇಕಾದ ದಾರಿಯನ್ನು, ಜಾಗ ಆಯ್ಕೆ ಮಾಡುವವರು ಸ್ವತಃ ಹೋಗಿ ನೋಡಿದರೆ ಎರಡು ಅಂಕ ಎಂದಿತ್ತು. ಅಂಕ ಎಂದ ಕೂಡಲೇ ಯಜಮಾನರು ಒಪ್ಪಿದರು.

ಬಸ್ಸು ಕೊನೆಯ ನಿಲ್ದಾಣದಲ್ಲಿ ಮಣ್ಣಮ್ಮ, ಯಜಮಾನರು, ಆರ್ಕಿಟೆಕ್ಟ್ ಮೂವರನ್ನೂ ಇಳಿಸಿ ಹೊರಟುಹೋಯಿತು. ಅಲ್ಲಿಂದ ಜೌಗಿಗೆ ಐದು ಕಿಲೋಮೀಟರ್ ನಡಿಗೆ. ಮೊದಲ ಕಿಲೋಮೀಟರಿನಲ್ಲಿ ಯಜಮಾನರು ಪ್ರಕೃತಿಯನ್ನು ಹೊಗಳಿದರು. ಎರಡನೆಯದರಲ್ಲಿ ಮಾತು ನಿಂತಿತು. ನಾಲ್ಕನೆಯದರಲ್ಲಿ, ತನ್ನ ನಕ್ಷೆಯಲ್ಲಿ ಇದು ಬೆರಳಗಲ ಇತ್ತೆಂದು ಆರ್ಕಿಟೆಕ್ಟ್ ಗೊಣಗಿದ.

ಜೌಗು ಕಂಡಾಗ ಯಜಮಾನರಿಗೆ ಹೋದ ಜೀವ ಬಂತು. "ಆಹಾ, ಹುಲ್ಲುಹಾಸು ನೋಡಿ!" ಎಂದು ಬಿಳಿ ಬೂಟಿನ ಕಾಲನ್ನು ಹಸಿರಿನ ಮೇಲೆ ಇಟ್ಟೇಬಿಟ್ಟರು. ಅದು ಹುಲ್ಲಲ್ಲ, ಕೆಸರಿನ ಮೇಲಿನ ಪಾಚಿ. ಮಣ್ಣಮ್ಮ "ಸರ್" ಎನ್ನುವಷ್ಟರಲ್ಲಿ ತೊಡೆಯವರೆಗೆ ಇಳಿದಿದ್ದರು. ಅವರು ಕಿರುಚಿದ ಸದ್ದಿಗೆ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಆರ್ಕಿಟೆಕ್ಟ್ ಹಿಂದಕ್ಕೆ ಹಿಂದಕ್ಕೆ ಸರಿದ.

ಅವಳಿಗೆ ನಗು ಬರಬೇಕಿತ್ತು; ಬಂದದ್ದು ಭಯ. ಇಂಥ ನೆಲ ಏನು ಮಾಡಬಲ್ಲದೆಂದು ಅಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ. "ಒದ್ದಾಡ್ಬೇಡಿ ಸರ್. ಹಿಂದಕ್ಕೆ ಒರಗಿ, ಮಲಗೋ ಥರ," ಎನ್ನುತ್ತ ಜೊಂಡನ್ನು ಮುರಿದು ಹಾಸಿ, ಮಂಡಿಯೂರಿ, ಜೊತೆಗೆ ತಂದಿದ್ದ ಮಣ್ಣು ತೆಗೆಯುವ ಕೊಳವೆಯನ್ನು ಅವರತ್ತ ಚಾಚಿದಳು. "ನೀವು ನನ್ನ ಸೊಂಟ ಹಿಡ್ಕೊಳ್ಳಿ!" ಎಂದು ಆರ್ಕಿಟೆಕ್ಟನಿಗೆ ಗದರಿದಳು. ಕಾಲು ಗಂಟೆ ಎಳೆದ ಮೇಲೆ ಯಜಮಾನರು ದಡಕ್ಕೆ ಬಂದರು. ಬೂಟುಗಳು ಬರಲಿಲ್ಲ.

ಕಾಲಿನ ಕೆಸರು ಒರೆಸಿಕೊಳ್ಳುತ್ತ ಅವರು ಮೆಲ್ಲಗೆ ಕೇಳಿದರು: "ಇಲ್ಲಿ ಆರು ಮಹಡಿ ನಿಲ್ಲುತ್ತಾ?"

"ನೀವೊಬ್ರೇ ನಿಲ್ಲೋಕಾಗ್ಲಿಲ್ಲವಲ್ಲ ಸರ್."

ಸೋಮವಾರದ ಮೀಟಿಂಗಿನಲ್ಲಿ ಯಜಮಾನರು ಡಿಪೋ ಜಾಗವನ್ನು ಘೋಷಿಸಿದರು. ಹಾಳಾದ ನೆಲಕ್ಕೆ ಮರುಜೀವ ಕೊಡುವುದು ತಮ್ಮ ಬಹುದಿನದ ಕನಸು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಣ್ಣಮ್ಮನೂ ತಟ್ಟಿದಳು, ಕನಸು ಯಾರದಾದರೇನು, ಜೌಗು ಉಳಿಯಿತು.

ಆಗ ಆರ್ಕಿಟೆಕ್ಟ್ ಹೊಸ ನಕ್ಷೆ ಬಿಡಿಸಿದ. ನೆಲದಡಿ ಎರಡು ಅಂತಸ್ತು, ಮುನ್ನೂರು ಕಾರಿಗೆ ಜಾಗ.

"ಬಾಗಿಲಲ್ಲೇ ಬಸ್ ನಿಲ್ಲುತ್ತಲ್ಲ, ಇಷ್ಟೊಂದು ಕಾರು ಯಾರಿಗೆ?" ಎಂದಳು ಅವಳು.

"ಬಸ್ಸು ನೌಕರರಿಗೆ ಮೇಡಂ. ಕಾರು ನಮ್ಮನ್ನ ನೋಡೋಕೆ ಬರೋ ದೊಡ್ಡೋರಿಗೆ."

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟು ಆಳ ಅಗೆದರೆ ಡೀಸೆಲ್ ಕುಡಿದ ಮಣ್ಣನ್ನೆಲ್ಲ ಸಾವಿರಾರು ಲಾರಿಗಳಲ್ಲಿ ಸಾಗಿಸಬೇಕು, ಅದನ್ನು ಅಲ್ಲೇ ಶುದ್ಧ ಮಾಡಿದರೆ ಸಿಗುವ ಅಂಕಗಳೆಲ್ಲ ಹೋಗುತ್ತವೆ ಎಂದು ಬಿಡಿಸಿ ಹೇಳಿದಳು. ಯಜಮಾನರ ಮುಖ ಬಾಡಿತು. ಊಟದ ಹೊತ್ತು ಮೀರಿ ಮೂರು ಗಂಟೆಯವರೆಗೂ ಚೌಕಾಸಿ ನಡೆಯಿತು. ಮುನ್ನೂರು ಇನ್ನೂರಾಯಿತು, ನೂರಾಯಿತು, ಕೊನೆಗೆ ನೆಲದ ಮೇಲೆಯೇ ನಲವತ್ತಕ್ಕೆ ನಿಂತಿತು. ಮೂವತ್ತಕ್ಕೆ ಇಳಿಸಬಹುದಿತ್ತು, ಆದರೆ ಅವಳಿಗೆ ಹಸಿವಾಗಿತ್ತು.