ಅತ್ತಿಗೆಯ ಎರಡು ಮಹಡಿ

ಎಲುಬಿಲ್ಲದ ನಾಲಿಗೆ ಅಂತಾರಲ್ಲ, ಆ ಆಫೀಸು ಕಟ್ಟಡದ ಕ್ಲೀನರುಗಳ ಮೇಲ್ವಿಚಾರಕಿಯದು ಅವತ್ತು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. "ನಿಮ್ಮ ಹೆಂಗಸರು ಒಂದು ಮಹಡಿ ಗುಡಿಸಿ ಒರೆಸೋಕೆ ಇಡೀ ದಿನ ತಗೋತಾರೆ," ಎಂದು ಮ್ಯಾನೇಜರು ಮೂಗು ಮುರಿದಾಗ ಅವಳ ಮೈ ಉರಿಯಿತು. "ನಮ್ಮತ್ತಿಗೆ ನಿನ್ನೆ ಒಬ್ಬರೇ ಎರಡು ಮಹಡಿ ಮಾಡಿದಾರೆ, ಸರ್!" ಎಂದುಬಿಟ್ಟಳು.

ಅವಳ ಅಣ್ಣನ ಹೆಂಡತಿ ಅದೇ ಕಟ್ಟಡದಲ್ಲಿ ಕ್ಲೀನರ್. ಎರಡು ಮಹಡಿ ಮಾಡಿದ್ದು ನಿಜವೇ. ಜೊತೆಯವಳಿಗೆ ಸೊಂಟ ಹಿಡಿದಿತ್ತು, ರಜೆ ಹಾಕಿದರೆ ಸಂಬಳ ಕಟ್. ಪಾಪ ಎಂದು ಅವಳನ್ನು ಪೊರಕೆ ಬಕೆಟ್ಟುಗಳ ಕೋಣೆಯಲ್ಲಿ ಮಲಗಿಸಿ, ಅವಳ ಪಾಲನ್ನೂ ಅತ್ತಿಗೆ ಮುಗಿಸಿದ್ದಳು. ಮ್ಯಾನೇಜರಿಗೆ ಇದೆಲ್ಲ ಯಾಕೆ? ಮರುದಿನವೇ ಅಪ್ಪಣೆಯಾಯಿತು: ಎಲ್ಲರಿಗೂ ಎರಡೆರಡು ಮಹಡಿ, ಸಂಬಳ ಮಾತ್ರ ಅಷ್ಟೇ.

"ಯಾವ ಪುಣ್ಯಾತ್ಗಿತ್ತಿ ಹಚ್ಚಿಕೊಟ್ಟಳೋ!" ಎಂದು ಹೆಂಗಸರು ಹಿಡಿಶಾಪ ಹಾಕಿದರು.

"ನಮ್ಮ ನಾದಿನಿ ಇದಾಳೆ, ಸರಿ ಮಾಡಿಸ್ತಾಳೆ ಬಿಡ್ರೇ," ಎಂದಳು ಅತ್ತಿಗೆ. ಅಲ್ಲೇ ನಿಂತಿದ್ದ ಮೇಲ್ವಿಚಾರಕಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಊರಿನ ದುಬಾರಿ ಬಾಡಿಗೆಗೆ ಹೆದರಿ ಅಣ್ಣನದೂ ತಂಗಿಯದೂ ಎರಡು ಸಂಸಾರವೂ ಒಂದೇ ಮನೆಯಲ್ಲಿ. ಸಂಜೆ ಅತ್ತಿಗೆ ಕೈ ಮೇಲೆತ್ತಲಾರದೆ, "ಜಡೆ ಬಿಚ್ಚಿಕೊಡೇ," ಎಂದು ಮುಂದೆ ಬಂದು ಕೂತಾಗ ನಾದಿನಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಹೇಳಿದ್ದು ನಾನೇ. ನಿಮ್ಮನ್ನ ಹೊಗಳೋಕೆ ಹೋಗಿ..."

ಅತ್ತಿಗೆ ಹಿಂದಿರುಗಿ ಅವಳ ಮುಖ ನೋಡಿದಳು. ಆಮೇಲೆ ನಕ್ಕಳು. "ನೀನು? ನನ್ನನ್ನ? ಮದುವೆಯಾಗಿ ಬಂದಾಗಿಂದ ಒಂದು ಒಳ್ಳೆ ಮಾತು ಆಡಿದವಳಲ್ಲ! ನಾಳೆ ಮ್ಯಾನೇಜರ ಹತ್ರ ಹೋಗಿ ನನ್ನನ್ನ ಬೈದು ಬಾ. ನಮ್ಮತ್ತಿಗೆ ಕೈಲಿ ಆಗಲ್ಲ, ಕೆಲಸ ಕೆಟ್ಟಿತ್ತು ಅನ್ನು. ಅದು ನಿಂಗೆ ಸಲೀಸು."

ಹೋದಳು. "ಎರಡು ಮಹಡಿ ಯಾರ ಕೈಲೂ ಆಗಲ್ಲ, ಸರ್. ನಮ್ಮತ್ತಿಗೆಯೂ ಮೂಲೇಲೆಲ್ಲ ಕಸ ಬಿಟ್ಟಿದ್ರು. ನಾನು ಜಂಬಕ್ಕೆ ಹೇಳ್ದೆ."

ಮ್ಯಾನೇಜರು ಪೆನ್ನು ತಟ್ಟುತ್ತ ಕೂತರು. ಕಸದ ಬಗ್ಗೆ ಅವರಿಗೂ ಮೇಲಧಿಕಾರಿಗಳಿಂದ ದೂರು ಬಂದಿತ್ತು. "ಸರಿ, ಮೊದಲಿನ ಹಾಗೇ ಒಂದೊಂದು ಮಹಡಿ. ಆದ್ರೆ ಮೂಲೆ ಬಿಡೋರು ನಮಗೆ ಬೇಡ. ನಿಮ್ಮತ್ತಿಗೆ ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡಿ."

ಹಾಗಾದರೆ ನಾನೂ ಬರುವುದಿಲ್ಲ ಎನ್ನಬೇಕಿತ್ತು. ಸೊಂಟ ಹಿಡಿದವಳ ಕಥೆಯನ್ನಾದರೂ ಹೇಳಬೇಕಿತ್ತು. ಬಾಡಿಗೆ ನೆನಪಾಯಿತು, ತನ್ನ ಮಕ್ಕಳ ಮುಖ ನೆನಪಾಯಿತು. "ಆಗ್ಲಿ ಸರ್," ಎಂದಳು.

ಹೊರಗೆ ಹೆಂಗಸರು ಕೈ ಹಿಡಿದುಕೊಂಡರು. "ನಿಮ್ಮಿಂದ ಬದುಕಿದ್ವಿ ಅಕ್ಕಾ!" ಥೂ ನನ್ನ ಜನ್ಮಕ್ಕೆ, ಎಂದುಕೊಂಡಳು ಅವಳು.

ಸುದ್ದಿ ಕೇಳಿ ಅತ್ತಿಗೆ ಒಂದು ಗಳಿಗೆ ಒಲೆಯ ಕಡೆ ತಿರುಗಿ ನಿಂತಳು. ತಟ್ಟೆ ಹಾಕುವ ಹೊತ್ತಿಗೆ ನಗು ತಂದುಕೊಂಡಿದ್ದಳು. "ಹೊಗಳಿದೆ, ಕೆಲಸ ಎರಡಾಯ್ತು. ಬೈದೆ, ಇದ್ದ ಒಂದೂ ಹೋಯ್ತು. ಇನ್ಮೇಲೆ ನನ್ನ ವಿಷಯಕ್ಕೆ ಬಾಯಿ ತೆಗೀಬೇಡ ತಾಯಿ!"

ನಾದಿನಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಯ್ಯೋ, ತಮಾಷೆಗಂದೆ ಕಣೇ," ಎಂದು ಅತ್ತಿಗೆ ಅವಳ ಬೆನ್ನು ಸವರಿದಳು. "ನನಗೋಸ್ಕರ ಆ ಮ್ಯಾನೇಜರ ಹತ್ರ ನೀನೆಷ್ಟು ಜಗಳ ಆಡಿರ್ತೀಯ ಅಂತ ನಂಗೆ ಗೊತ್ತಿಲ್ವಾ? ಊಟ ಮಾಡು."